ವರ್ಲಿನ್ ಸರ್ಕಾರಕ್ಕೆ ಜೌಗು ಮಾರಿದ್ದು

ನನ್ನ ತಮ್ಮ ವರ್ಲಿನ್ ಹೌಗೆನ್‌ಗೆ ಎಪ್ಪತ್ತಮೂರು ವರ್ಷ. ಇಷ್ಟು ವರ್ಷದಲ್ಲಿ ಅವನು ಕೇಳಿದ ಕೂಡಲೇ ‘ಹೂಂ’ ಅಂದದ್ದನ್ನು ನಾನು ಕಂಡಿರಲಿಲ್ಲ. ನಮ್ಮ ಪಶ್ಚಿಮ ಮಿನೆಸೋಟಾದಲ್ಲಿ ಯಾರೂ ಹಾಗೆ ಅನ್ನುವುದಿಲ್ಲ ಬಿಡಿ. ಕಾಫಿ ಬೇಕಾ ಅಂದರೆ ಮೊದಲು ‘ಬೇಡ’, ಎರಡನೇ ಸಲ ‘ಸುಮ್ನೆ ನಿಮಗೆ ತೊಂದರೆ’, ಮೂರನೇ ಸಲಕ್ಕೆ ‘ಅರ್ಧ ಕಪ್ ಸಾಕು’. ಮೊದಲ ಸಲಕ್ಕೇ ಬೇಕು ಅಂದವನು ಹೊಟ್ಟೆಬಾಕ, ಮೂರನೇ ಸಲವೂ ಬೇಡ ಅಂದವನು ಸೊಕ್ಕಿನವನು. ವರ್ಲಿನ್‌ದಂತೂ ಅತಿಯಾಯಿತು. ಮದುವೆಯ ದಿನ ಪಾದ್ರಿಗಳು “ಇವಳನ್ನು ಸ್ವೀಕರಿಸುತ್ತೀಯಾ?” ಅಂದಾಗ ಈ ಮಹಾಶಯ “ಅವಳಿಗೇನೂ ತೊಂದರೆ ಇಲ್ಲ ಅಂದ್ರೆ...” ಅಂದಿದ್ದ. ಹೆಂಡತಿ ಮಾರ್ಲಿಸ್ ಇರುವವರೆಗೆ ಅವನ ‘ಹೂಂ’ಗಳನ್ನೆಲ್ಲ ಅವಳೇ ಹೇಳಿದಳು. ಅವಳು ತೀರಿಕೊಂಡ ಮೇಲೆ ಆ ಕೆಲಸ ನನ್ನ ತಲೆಗೆ ಬಿತ್ತು.

ಅವನ ಹೊಲದ ಹಿಂದೆ ನೂರ ನಲವತ್ತು ಎಕರೆ ಜೌಗು. ಅಪ್ಪ ಅದನ್ನು ಒಣಗಿಸಲು ಹೋಗಿ ಎರಡು ಟ್ರ್ಯಾಕ್ಟರ್ ಮುಳುಗಿಸಿದ್ದ. ವರ್ಲಿನ್ ಮಾತ್ರ ಅದನ್ನು ಮುಟ್ಟಲಿಲ್ಲ. ಜೊಂಡಿನ ನಡುವೆ ಬಾತು, ಒಣಹುಲ್ಲಿನಲ್ಲಿ ಫೆಸೆಂಟ್ ಅನ್ನುವ ಕಾಡುಕೋಳಿ. ಪ್ರತಿ ವಸಂತದಲ್ಲೂ ಬಾತುಗಳು ಬಂದಿಳಿಯುವಾಗ ಅಂಗಳದಲ್ಲಿ ಟೋಪಿ ತೆಗೆದು ನಿಲ್ಲುತ್ತಾನೆ, ಪೆದ್ದ. ಈಗ ಮಂಡಿ ಕೈಕೊಟ್ಟಿದೆ, ಮಕ್ಕಳಿಲ್ಲ. ತಾನು ಹೋದ ಮೇಲೆ ಜೌಗಿನ ಗತಿಯೇನು ಅನ್ನುವುದೊಂದೇ ಚಿಂತೆ. ಸರ್ಕಾರ ಇಂಥ ನೆಲ ಕೊಂಡು ಹಕ್ಕಿ, ಜಿಂಕೆಗಳಿಗೆ ಬಿಡುತ್ತದೆ, ಕಾಲ ಬಂದಾಗ ಯಾರು ಬೇಕಾದರೂ ಬೇಟೆಯಾಡಬಹುದು. ಅದಕ್ಕೇ ತಾನಾಗಿಯೇ ಅವರಿಗೆ ಕಾಗದ ಬರೆದ.

ಮೇ ತಿಂಗಳಲ್ಲಿ ಭೂಮಿ ಕೊಳ್ಳುವ ಅಧಿಕಾರಿ ಬಂದಳು. ಇನೆಸ್ ಅಂತ ಹೆಸರು, ಟೆಕ್ಸಾಸ್ ಕಡೆಯ ಚುರುಕು ಹೆಣ್ಣುಮಗಳು. ಜೌಗೆಲ್ಲ ಸುತ್ತಿ ಬಂದು ಅಡುಗೆಮನೆಯ ಮೇಜಿನ ಮೇಲೆ ಕಾಗದ ಹರಡಿ, “ಸರ್ಕಾರ ಕೊಳ್ಳೋಕೆ ತಯಾರಿದೆ. ಕೊಡ್ತೀರಾ?” ಅಂದಳು.

ನನ್ನ ತಮ್ಮ ಕೈ ಆಡಿಸಿ, “ಅಯ್ಯೋ, ಬೇಡ ಬಿಡಿ. ನಿಮಗ್ಯಾಕೆ ತೊಂದರೆ” ಅಂದ.

ಪುಣ್ಯಾತ್ಗಿತ್ತಿ “ಸರಿ, ನಿಮ್ಮಿಷ್ಟ” ಅಂತ ಕಾಗದ ಮಡಚಿ ಹೊರಟೇಬಿಟ್ಟಳು! ನಾನು ತಿಂಡಿಯ ತಟ್ಟೆ ಹಿಡಿದು ಬರುವಷ್ಟರಲ್ಲಿ ಕಾರು ಗೇಟು ದಾಟಿತ್ತು.

“ಲೋ, ಏನೋ ಮಾಡ್ದೆ?”

“ಇನ್ನೂ ಎರಡು ಸಲ ಕೇಳ್ತಾಳಲ್ಲ ಅಕ್ಕ.”

ದಿನಾ ಇಸ್ತ್ರಿ ಅಂಗಿ ಹಾಕಿಕೊಂಡು ಕಾದ. ಮೂರನೇ ವಾರ ಅವಳ ಬದಲು ಕಾಗದ ಬಂತು: ತಮ್ಮ ನಿರ್ಧಾರವನ್ನು ಗೌರವಿಸುತ್ತೇವೆ, ಶುಕ್ರವಾರ ಕಡತ ಮುಚ್ಚುತ್ತೇವೆ.

ಇದರ ನಡುವೆ ಪಕ್ಕದ ಹೊಲದ ಡೆಲ್ಬರ್ಟ್ ಕ್ರೂಗರ್ ಬೇರೆ. ಅವನಿಗೆ ಜೌಗು ಕೊಂಡು, ನೆಲದಡಿ ಕೊಳವೆ ಹೂತು ನೀರು ಬಸಿದು, ಮೆಕ್ಕೆಜೋಳ ಹಾಕುವ ಆಸೆ. ಅವನು ನಮ್ಮೂರವನೇ, ರೀತಿ ಗೊತ್ತಿದ್ದವನು. ಆಗಲೇ ಎರಡು ಸಲ ಕೇಳಿದ್ದ, ವರ್ಲಿನ್ ಎರಡು ಸಲ ಬೇಡ ಅಂದಿದ್ದ. “ಭಾನುವಾರ ಚರ್ಚ್ ಮುಗಿಸಿ ಮತ್ತೆ ಬರ್ತೀನಿ” ಅಂತ ನಗುತ್ತಾ ಹೋದ ಕಳ್ಳ. ವರ್ಲಿನ್‌ನ ಮುಖ ಬಿಳಿಚಿಕೊಂಡಿತು.

“ಮೂರನೇ ಸಲ ಹೇಗೆ ಅಕ್ಕ ಬೇಡ ಅನ್ನೋದು? ಏನಂದ್ಕೋತಾರೆ ಜನ?”

“ನಿನ್ನ ಮರ್ಯಾದೆಗಿಷ್ಟು ಬೆಂಕಿ ಹಾಕ! ನಡಿ, ಗಾಡಿ ಹತ್ತು!” ಅಂದೆ.

ಶುಕ್ರವಾರ ಬೆಳಿಗ್ಗೆಯೇ ಕಚೇರಿಗೆ ಹೋದೆವು. ಇನೆಸ್ ಕಾಫಿ ಬೇಕಾ ಅಂದಳು. ಇಬ್ಬರೂ ಬೇಡ ಅಂದೆವು. ಅವಳು ತನಗೊಂದೇ ಕಪ್ ಬಗ್ಗಿಸಿಕೊಂಡಳು. ನನಗೂ ಬಾಯಿ ಒಣಗಿತ್ತು, ಆದರೆ ಏನು ಮಾಡುವುದು.

“ಜಮೀನಿನ ವಿಚಾರವಾ?” ಅಂದಳು.

“ಹಾಗೇನಿಲ್ಲ. ಈ ಕಡೆ ಬಂದಿದ್ವಿ” ಅಂದ ವರ್ಲಿನ್. ಬಂದದ್ದು ನಲವತ್ತು ಮೈಲಿ!

ನಾನು ಮೇಜಿನ ಕೆಳಗೆ ಅವನ ಕಾಲು ತುಳಿದೆ. “ಕೊಡಬಾರದು ಅಂತೇನಿಲ್ಲ” ಅಂದ.

“ಅಂದ್ರೆ ಕೊಡ್ತೀರಾ?”

“ಕೊಟ್ರೆ ಕೆಟ್ಟದೇನೂ ಆಗಲ್ಲ.”

ಅವಳು ನನ್ನ ಕಡೆ ತಿರುಗಿದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಕೈ ಅಡ್ಡ ಹಿಡಿದು, “ನೀವಲ್ಲಮ್ಮ. ನೆಲ ಅವರದು, ಮಾತು ಅವರ ಬಾಯಿಂದಲೇ ಬರಬೇಕು. ಬಲವಂತ ಮಾಡಿದ್ವಿ ಅಂತ ಆಗಬಾರದು. ವರ್ಲಿನ್ ಅವರೇ, ನಿಜವಾಗ್ಲೂ ನಿಮಗೆ ಬೇಡ ಅಂದ್ರೆ ನಾನು ಮತ್ತೆ ಕೇಳಲ್ಲ” ಅಂದಳು.

ಮತ್ತೆ ಕೇಳುವುದಿಲ್ಲವಂತೆ! ವರ್ಲಿನ್ ಟೋಪಿಯನ್ನು ಹಿಂಡಿದ. ಕಿವಿ ಕೆಂಪಾಯಿತು. ಇದ್ದಕ್ಕಿದ್ದಂತೆ ಎದ್ದು ನಿಂತು, ಕಚೇರಿಯೆಲ್ಲ ತಿರುಗಿ ನೋಡುವ ಹಾಗೆ ಕೂಗಿದ:

“ಬೇಕು! ನನಗೆ ಬೇಕು ಕಣಮ್ಮ! ಆ ಡೆಲ್ಬರ್ಟ್ ಅದನ್ನ ಒಣಗಿಸಿಬಿಡ್ತಾನೆ. ಬಾತುಗಳು ಬಂದು ಎಲ್ಲಿ ಇಳೀಬೇಕು? ತಗೊಳ್ಳಿ, ದಮ್ಮಯ್ಯ ಅಂತೀನಿ, ತಗೊಳ್ಳಿ!”

ಆಮೇಲೆ ಕೂತು, “ಜೋರಾಯ್ತಾ? ಕ್ಷಮಿಸಿ” ಅಂದ. ನನಗೆ ನಗುವೂ ಬಂತು, ಅಳುವೂ ಬಂತು. ಇನೆಸ್ ಪೆನ್ನು ಕೊಟ್ಟಳು.

ಭಾನುವಾರ ಡೆಲ್ಬರ್ಟ್‌ಗೆ ನಾನೇ ಬಾಗಿಲು ತೆಗೆದೆ. ಖುಷಿಯಿಂದಲೇ ತೆಗೆದೆ.

ಅಕ್ಟೋಬರಿನಲ್ಲಿ, ಫೆಸೆಂಟ್ ಬೇಟೆ ಶುರುವಾಗುವ ಶನಿವಾರ ಬೆಳಿಗ್ಗೆ ಎಂಟೂವರೆಗೆ ಬಾಗಿಲು ತಟ್ಟಿದ ಸದ್ದು. ಬೇಟೆಗಾರರು ತೊಡುವ ಕಿತ್ತಳೆ ಅಂಗಿಯ ಹೆಂಗಸು, ಜೊತೆಗೆ ಕುಂಟುವ ಮುದಿ ನಾಯಿ. ಪಟ್ಟಣದ ಆಸ್ಪತ್ರೆಯಲ್ಲಿ ನರ್ಸ್ ಅಂತೆ. ಹೋದಲ್ಲೆಲ್ಲ ಹೊಲದವರು ಬೇಟೆಗೆ ಬಿಡದೆ ಕಳಿಸಿದ್ದಾರೆ.

“ಹಿಂದಿನ ಜೌಗು ನಿಮ್ಮದಂತೆ. ನಾನೊಂದು ಗಂಟೆ ಬೇಟೆಯಾಡಬಹುದಾ ಅಜ್ಜ?”

ವರ್ಲಿನ್ ಕೈ ಎತ್ತಿದ. ಎಲ್ಲಿ ಮತ್ತೆ ‘ಬೇಡ’ ಅಂದುಬಿಡುತ್ತಾನೋ ಅಂತ ನನಗೆ ಭಯವಾಯಿತು.

“ನನ್ನದಲ್ಲ ಮಗಳೇ” ಅಂದ. “ಅದು ನಿನ್ನದು. ಯಾರನ್ನೂ ಕೇಳಬೇಡ, ಹೋಗು.”

ಅವಳು ನಂಬದೆ ನನ್ನ ಮುಖ ನೋಡಿದಳು. ಹೌದೆಂದು ತಲೆಯಾಡಿಸಿದೆ. ನಾಯಿ ಆಗಲೇ ಹುಲ್ಲಿನ ಕಡೆ ಹೊರಟಿತ್ತು.