ತಾಬೆ ನಿ ಇಕು ಅಂದರೆ ತಿಂಬುಕೆ ಹೋಪುದು

ಮದುವೆಯಾಗಿ ಬೈಂದೂರಿನ ಹತ್ತಿರದ ಯಡ್ತರೆಗೆ ಬಂದ ಮರುದಿನ ಬೆಳಿಗ್ಗೆ ಅತ್ತೆ ನನ್ನನ್ನು ಕೇಳಿದ ಮೊದಲ ಪ್ರಶ್ನೆ, "ಮೀವುಕೆ ಹೋತ್ಯಾ ಹೆಣೆ?"

ನನ್ನ ಕಿವಿಗೆ ಬಿದ್ದದ್ದು ಮೀನು. "ಇಲ್ರಿ ಅತ್ತಿ, ನಾನು ಮೀನ ಮುಟ್ಟೂದಿಲ್ರಿ" ಅಂದೆ. ಒಳಗಿದ್ದವರು, ಹೊರಗಿದ್ದವರು ಎಲ್ಲ ನಕ್ಕರು. ಮೀವುದು ಅಂದರೆ ಸ್ನಾನ. ಸ್ನಾನಕ್ಕೆ ಹೋಗುತ್ತೀಯಾ ಎಂದು ಅವರು ಅಕ್ಕರೆಯಿಂದಲೇ ಕೇಳಿದ್ದರು. ಆ ನಗು ಎಷ್ಟೋ ವರ್ಷ ನನ್ನ ಬೆನ್ನು ಬಿಡಲಿಲ್ಲ.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನನ್ನ ಗಂಡ ರಾಘವೇಂದ್ರ ಬಾಗಲಕೋಟೆಯಲ್ಲಿ ತಮ್ಮ ಸೋದರಮಾವನ ಹೋಟೆಲಿನ ಗಲ್ಲಾದಲ್ಲಿ ಕೂರುತ್ತಿದ್ದರು. ಎದುರಿನ ಝೆರಾಕ್ಸ್ ಅಂಗಡಿಯಲ್ಲಿ ನಾನಿದ್ದೆ. ಮದುವೆಯಾದ ಮೇಲೆ ಅವರು ಬೈಂದೂರಿನಲ್ಲಿ ತಮ್ಮದೇ ಹೋಟೆಲು ಇಟ್ಟರು. ಒಂದೇ ರಾಜ್ಯ, ಒಂದೇ ಭಾಷೆ, ಇದರಲ್ಲಿ ವಲಸೆ ಎಲ್ಲಿಂದ ಬಂತು ಎಂದು ಹುಟ್ಟಿದೂರಿನಲ್ಲೇ ಇರುವ ನೀವು ಕೇಳಬಹುದು. ಬಂದು ನೋಡಿದರೆ ತಿಳಿಯುತ್ತದೆ. ನಮ್ಮಲ್ಲಿ ತಂತಿಯ ಮೇಲೆ ಹಾಕಿದ ಸೀರೆ ರೊಟ್ಟಿ ಬಡಿಯುವಷ್ಟರಲ್ಲಿ ಒಣಗುತ್ತದೆ. ಇಲ್ಲಿ ಡಬ್ಬಿಯೊಳಗಿನ ಹಪ್ಪಳವೂ ಬೆವರುತ್ತದೆ. ಬೆಳಿಗ್ಗೆ ಕುಚ್ಚಲಕ್ಕಿ ಗಂಜಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಕುಂದಾಪುರದ ಒಂದು ಅಂಗಡಿಯಲ್ಲಿ ಜೋಳದ ಹಿಟ್ಟು ಸಿಕ್ಕ ದಿನ ಬಸ್ಸಿನಲ್ಲಿ ಆ ಪೊಟ್ಟಣವನ್ನು ಮಗುವಿನಂತೆ ಮಡಿಲಲ್ಲಿಟ್ಟುಕೊಂಡು ಬಂದೆ.

ಗಂಜಿಯೂ ಒಗ್ಗಿತು, ಮೀನಿನ ವಾಸನೆಯೂ ಒಗ್ಗಿತು. ಮಾತು ಮಾತ್ರ ಒಗ್ಗಲಿಲ್ಲ. ನಾವು ತಿನ್ನಾಕ, ನೋಡಾಕ, ಬರಾಕ ಅನ್ನುವುದನ್ನು ಇಲ್ಲಿಯವರು ತಿಂಬುಕೆ, ಕಾಂಬುಕೆ, ಬಪ್ಪುಕೆ ಅನ್ನುತ್ತಾರೆ. ಧೈರ್ಯ ಮಾಡಿ ನಾನೊಮ್ಮೆ "ಬರುಕೆ" ಅಂದೆ. ಮತ್ತೆ ನಗು. ಆಮೇಲೆ ಬಾಯಿ ಕಟ್ಟಿಕೊಂಡೆ. ಮಕ್ಕಳು ಶಾಲೆಗೆ ಹೋಗುವಷ್ಟಾದರೂ ಅಕ್ಕಪಕ್ಕದವರಿಗೆ ನಾನು ಘಟ್ಟದ ಮೇಲಿನವಳೇ ಆಗಿದ್ದೆ.

ಹತ್ತು ವರ್ಷ ಹೀಗೆ ಕಳೆದ ಮೇಲೆ ನೊರಿಕೊ ಬಂದಳು. ನನ್ನ ಮೈದುನ ಸುಧಾಕರ ಜಪಾನಿನ ಕೋಬೆಯಲ್ಲಿ ಅಡುಗೆಯವನಾಗಿದ್ದ. ಅಲ್ಲಿಯವಳನ್ನೇ ಮದುವೆಯಾಗಿದ್ದ. ಅವನಿದ್ದ ಹೋಟೆಲು ಬಾಗಿಲು ಹಾಕಿದಾಗ, ಬೇರೆ ಕೆಲಸ ಸಿಗುವವರೆಗೆ ಎಂದು ಹೆಂಡತಿಯನ್ನು ಕರೆದುಕೊಂಡು ಮನೆಗೆ ಬಂದ.

ಪಾಪದ ಹುಡುಗಿ, ಒದ್ದಾಡುತ್ತಾಳೆ ಅಂದುಕೊಂಡೆ. ನಿಜ ಹೇಳಬೇಕೆಂದರೆ, ಒದ್ದಾಡಲಿ ಅಂದುಕೊಂಡೆ. ಆದರೆ ಅವಳು ಅಂಗಳಕ್ಕೆ ಬಂದ ಮೀನಿನ ಬುಟ್ಟಿಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಬಂಗುಡೆಯ ಕಿವಿರು ಎತ್ತಿ ನೋಡಿ ಒಳ್ಳೆಯದನ್ನೇ ಆರಿಸಿದಳು. ಅತ್ತೆಯ ಕಣ್ಣು ಅರಳಿತು. ಕೆಲವೇ ವಾರಗಳಲ್ಲಿ ಒಂದು ಬೆಳಿಗ್ಗೆ ಚಪ್ಪಲಿ ಮೆಟ್ಟುತ್ತ, "ಅತ್ತೆ, ನಾನ್ ಸಮುದ್ರ ಕಾಂಬುಕೆ ಹೋತೆ" ಎಂದಳು.

ಅತ್ತೆ ಚಪ್ಪಾಳೆ ತಟ್ಟಿದರು. "ಹ್ವಾಯ್, ಕೇಂಡ್ರ್ಯಾ? ಕಾಂಬುಕೆ ಅಂದ್ಳ್!" ಎಂದು ಪಕ್ಕದ ಮನೆಗೂ ಕೇಳುವಂತೆ ಕೂಗಿದರು. ಒಳಗೆ ಈರುಳ್ಳಿ ಹೆಚ್ಚುತ್ತಿದ್ದ ನನ್ನ ಹೊಟ್ಟೆ ಉರಿಯಿತು.

ಅವತ್ತು ಸಂಜೆ ಜಗಲಿಯಲ್ಲಿ ಸುಧಾಕರ ಅದರ ಗುಟ್ಟು ಹೇಳಿದ. "ಅವ್ರ್ ಭಾಷೆಯಂಗೂ ಹೀಂಗೇ ಅತ್ತಿಗೆ. ತಾಬೆ ಅಂದ್ರೆ ತಿಂಬುದ್, ಇಕು ಅಂದ್ರೆ ಹೋಪುದ್. ನಡುವಂಗೆ ಒಂದ್ 'ನಿ' ಹಾಕ್ರೆ ಆಯ್ತ್. ತಾಬೆ ನಿ ಇಕು, ತಿಂಬುಕೆ ಹೋಪುದ್. ಮಿ ನಿ ಇಕು, ಕಾಂಬುಕೆ ಹೋಪುದ್." ಇಂಗ್ಲಿಷಿನಲ್ಲಿ ಹೋಗುವುದು ಎಂಬ ಮಾತು ಮೊದಲೇ ಬಂದು ತನ್ನ ತಲೆ ಕೆಡುತ್ತಿತ್ತು, ಇಲ್ಲಿ ತನ್ನೂರಿನ ಹಾಗೆ ಕೊನೆಗೆ ಬರುತ್ತದೆ ಎಂದು ನೊರಿಕೊ ಹೇಳಿದಳಂತೆ. ಅವಳು ಉತ್ಸಾಹದಿಂದ "ಕಾಯಿ ನಿ ಇಕು" ಅಂದಳು, ಕೊಳ್ಳಲು ಹೋಗುವುದು ಎಂಬ ಅರ್ಥದಲ್ಲಿ. ಅತ್ತೆ ಎದ್ದು ಒಳಗಿಂದ ತೆಂಗಿನಕಾಯಿ ತಂದು ಕೊಟ್ಟರು. ಎಲ್ಲರೂ ನಕ್ಕರು. ಅದು ಮುದ್ದು ಮಾಡುವ ನಗು. ನನ್ನ ಪಾಲಿಗೆ ಬಂದದ್ದು ಅಂಥ ನಗುವಲ್ಲ.

ಕುದಿಯುತ್ತಲೇ ಮಲಗಿದೆ. ನನ್ನ ಮಾತಿನಲ್ಲೂ ಹೋಗುವುದು ಕೊನೆಗೇ ಬರುತ್ತದಲ್ಲ? 'ಆಕ' ಬಿಟ್ಟು 'ಉಕೆ' ಹಚ್ಚಿದರೆ ಮುಗಿಯಿತಲ್ಲ? ಅವಳಿಗೆ ಬಂದದ್ದು ನನಗೇಕೆ ಬರಲಿಲ್ಲ? ಆಮೇಲೆ ಹೊಳೆಯಿತು. ಕುಂದಾಪುರದ ಕನ್ನಡ ಕಲಿಯಲು ಅವಳು ಯಾವ ಕನ್ನಡವನ್ನೂ ಬಿಡಬೇಕಾಗಿರಲಿಲ್ಲ. ನಾನು ನನ್ನ ಅವ್ವನ ಕನ್ನಡ ಬಿಡಬೇಕಿತ್ತು.

ಒಂದು ಭಾನುವಾರ ನೆಂಟರು ಊಟಕ್ಕೆ ಬಂದಿದ್ದರು. ನೊರಿಕೊ ಬಾಗಿಲಲ್ಲಿ ನಿಂತು "ಎಲ್ಲ ಉಂಬುಕೆ ಬನ್ನಿ" ಎಂದಾಗ ಪಕ್ಕದ ಮನೆಯ ಗಿರಿಜಕ್ಕ ನನ್ನತ್ತ ತಿರುಗಿ, "ಲೀಲಾ, ನೀನೂ ಇವ್ಳ್ ಹತ್ರ ಕಲ್ತ್ಕೋ ಮಾರಾಯ್ತಿ" ಅಂದರು. ಸೌಟು ಕೆಳಗಿಟ್ಟು ಅಡುಗೆಮನೆಗೆ ಹೋಗಿ ಗೋಡೆಗೆ ಮುಖ ಮಾಡಿ ನಿಂತೆ.

ಹಿಂದೆಯೇ ಅತ್ತೆ ಬಂದರು. "ಬಡ್ಸುಕೆ ಜನ ಇಲ್ಲೆ, ನೀ ಇಲ್ಲೆಂತ ಮಾಡ್ತಿದ್ದೆ?"

"ಹತ್ತ ವರ್ಷ ಆತ್ರಿ ನಾ ಬಂದು" ಅಂದೆ. "ನನಗ ಒಂದಿನಾನೂ ಚಪ್ಪಾಳಿ ಹೊಡೀಲಿಲ್ಲ ನೀವು. ಬರೇ ನಕ್ಕಿರಿ, ಬರೇ ಬೈದಿರಿ."

ಅತ್ತೆ ನನ್ನನ್ನು ವಿಚಿತ್ರವಾಗಿ ನೋಡಿದರು. "ಅವ್ಳ್ ನೆಂಟ್ರ್ ಹೆಣೆ. ಇವತ್ತಿದ್ದ್ ನಾಳೆ ಹೋಪವ್ಳ್. ನೆಂಟ್ರ್ ಎಂತ ಮಾಡ್ರೂ ಚಂದ ಅಂಬ್ದ್. ನೀ ಮನಿಯವ್ಳಲ್ದಾ? ನಿಂಗ್ ಬೈಯದೆ ಮತ್ಯಾರಿಗ್ ಬೈಯುದ್?"

ಖಾಲಿಯಾದ ಅನ್ನದ ಪಾತ್ರೆ ಹಿಡಿದು ನೊರಿಕೊ ಬಾಗಿಲಲ್ಲಿ ನಿಂತಿದ್ದಳು. ಅಷ್ಟರಲ್ಲಿ ಅವಳಿಗೆ ಎಲ್ಲವೂ ಅರ್ಥವಾಗುವಷ್ಟು ಮಾತು ಬಂದಿತ್ತು.

ಮಧ್ಯಾಹ್ನ ಬಾವಿಕಟ್ಟೆಯಲ್ಲಿ ಪಾತ್ರೆ ತೊಳೆಯುವಾಗ ಅವಳು ಪಕ್ಕದಲ್ಲಿ ಕೂತು ಒಂದೊಂದೇ ಮಾತು ಜೋಡಿಸಿದಳು. "ಲೀಲಕ್ಕ, ಅತ್ತೆ ನಂಗೆ ಬೈಯುದಿಲ್ಲೆ. ನಿನ್ನೆ ಸಾರಿಗೆ ಉಪ್ಪ್ ತುಂಬ ಹಾಕ್ದೆ. ಚಂದ ಆಯ್ತ್ ಅಂದ್ರ್." ಒಂದು ತಟ್ಟೆ ತೊಳೆದಿಟ್ಟು, "ನಾನ್ ಬೈಸ್ಕಂಬುಕೆ ಹೋತೆ. ಅವ್ರ್ ನಗಾಡ್ತ್ರ್" ಅಂದಳು. ಬೈಸಿಕೊಳ್ಳಲೆಂದೇ ಹೋಗುತ್ತಾಳಂತೆ.

ಅವಳ ಕಣ್ಣಲ್ಲಿ ಇದ್ದದ್ದು ಹೊಟ್ಟೆಕಿಚ್ಚೇ. ಅದರ ಗುರುತು ನನಗಿಂತ ಚೆನ್ನಾಗಿ ಯಾರಿಗಿತ್ತು? ಅವಳಿಗಾಗಿ ಸಂಕಟವಾಯಿತು. ಜೊತೆಗೆ, ಮುಚ್ಚಿಡುವುದೇಕೆ, ಖುಷಿಯೂ ಆಯಿತು.

ಮರುವರ್ಷ ಸುಧಾಕರನಿಗೆ ಕೋಬೆಯಲ್ಲೇ ಕೆಲಸ ಸಿಕ್ಕಿ ಇಬ್ಬರೂ ಹೊರಟರು. ಅತ್ತೆ ನೊರಿಕೊಳ ತಲೆ ಸವರಿ ಅತ್ತರು. ಕಾರು ತಿರುಗಿದ ಮೇಲೆ, ಗೇಟು ಹಾಕಲಿಲ್ಲವೆಂದು ನನಗೆ ಬೈದರು.

ಆ ಬೇಸಿಗೆ ಬಾಗಲಕೋಟೆಗೆ ಹೋಗಿದ್ದೆ. ಅವ್ವ ಹೊರಗಿದ್ದಳು. ಒಲೆಯ ಮುಂದೆ ನಾನೇ ನಿಂತಿದ್ದೆ, ಅಣ್ಣನ ಹೆಂಡತಿ ವೈನಿಯ ಜೊತೆಗಿನ ಮಾತಿನ ಭರದಲ್ಲಿ ಹಾಲು ಉಕ್ಕಿ ಹರಿಯಿತು. ಅವ್ವ ಒಳಗೆ ಬಂದವಳೇ ವೈನಿಯ ಮೇಲೆ ಹರಿಹಾಯ್ದಳು. "ನಿನಗ ಕಣ್ಣಿಲ್ಲೇನ? ಅಕೀನ್ಯಾಕ ಒಲಿ ಮುಂದ ನಿಲ್ಲಿಸೀದಿ?" ನನ್ನ ಕಡೆ ತಿರುಗಿದಾಗ ಅವ್ವನ ಧ್ವನಿ ಮೆತ್ತಗಾಗಿತ್ತು. "ನೀ ಹೊರಗ ಕೂಡವ್ವಾ. ನಾಕ ದಿನಾ ಇರಾಕ ಬಂದೀದಿ, ಆರಾಮಿರು."

ಹೊರಗೆ ಬಂದು ಕೂತೆ. ವೈನಿ ಗೊಣಗುತ್ತ ಒಲೆ ಒರೆಸುತ್ತಿದ್ದಳು, ಅವ್ವ ಇನ್ನೂ ಬೈಯುತ್ತಲೇ ಇದ್ದಳು. ನಾನು ಹುಟ್ಟಿದ ಮನೆಯ ಒಳ್ಳೆಯ ತಟ್ಟೆಯಲ್ಲಿ ನನಗೆ ಚಹಾ, ಬಿಸ್ಕೀಟು ಬಂತು. ವೈನಿಯನ್ನು ನೋಡಿ ನನ್ನ ಹೊಟ್ಟೆ ಉರಿಯಿತು.