ಕಲಿಸದೆ ಉಳಿದ ಉತ್ತರ

ನಮ್ಮ ಎರಡನೆಯ ಮಗಳು ಮನೆಯಲ್ಲಿ ಕುಪ್ಪಸವನ್ನು ತಿರುವಿ ಹಾಕಿಕೊಳ್ಳುತ್ತಿದ್ದಳು. ಹೊಲಿಗೆ ಹೊರಗೆ, ಬಟ್ಟೆಯ ಚಂದ ಒಳಗೆ. ಹುಮನಾಬಾದಿನ ಅರ್ಧ ಬಜಾರಕ್ಕೆ ಬಟ್ಟೆ ಹೊಲಿದು ಕೊಡುವ ದರ್ಜಿಯ ಮಗಳು ಹಾಗೆ ಅಂಗಳದಲ್ಲಿ ನಿಂತರೆ ಹೇಗಾಗಬೇಡ? ಸಣ್ಣವಳಿದ್ದಾಗ ಎರಡು ಸಲ ಬಾರಿಸಿದ್ದೇನೆ, ಮುಚ್ಚಿಡುವುದಿಲ್ಲ. "ಹೊಲಿಗಿ ಕಡೀತಾವಪ್ಪಾ" ಅನ್ನುತ್ತಿದ್ದಳು. ನನ್ನ ಹೊಲಿಗೆ ಕಡಿಯುವುದೆ? 1948ರಲ್ಲಿ ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟು, ಸೋದರಮಾವನ ಮಶೀನಿನ ಕೆಳಗೆ ಚಿಂದಿ ಆರಿಸುತ್ತ ಕೆಲಸ ಕಲಿತವನು ನಾನು. ಉರ್ದು ಅಕ್ಷರ ಅರ್ಧ ಕಲಿತಿದ್ದೆ; ಕನ್ನಡ ಅಕ್ಷರ ಗಿರಾಕಿಗಳ ಹೆಸರು ಬರೆಯುತ್ತ ಬಂತು. ಬಟ್ಟೆ ಹರಿದರೂ ನನ್ನ ಹೊಲಿಗೆ ಬಿಚ್ಚುವುದಿಲ್ಲ ಅಂತ ಜನ ಹೇಳುತ್ತಿದ್ದರು, ನಾನೂ ಹೇಳುತ್ತಿದ್ದೆ.

ಅವಳಿಗೆ ಮಾತು ತಡವಾಗಿ ಬಂತು. ಬಂದಮೇಲೂ ಕೇಳಿದ್ದಕ್ಕಷ್ಟೇ ಉತ್ತರ. ಯಾರ ಕಣ್ಣನ್ನೂ ನೋಡುತ್ತಿರಲಿಲ್ಲ. ಕುಕ್ಕರಿನ ಸೀಟಿ ಕೂಗಿದರೆ ಕಿವಿ ಮುಚ್ಚಿಕೊಂಡು ಜೋಳದ ಚೀಲದ ಹಿಂದೆ ಕೂಡುತ್ತಿದ್ದಳು. ಗಾಳಿ ಸೋಕಿದೆ ಅಂದರು, ದಾರ ಕಟ್ಟಿಸಿದೆವು. ಆದರೆ ಒಂಬತ್ತು ವರ್ಷಕ್ಕೇ ಅಂಗಿಯ ಕಾಜ ಹಾಕುತ್ತಿದ್ದಳು. ಗುಂಡಿಯ ತೂತಿನ ಸುತ್ತ ಒಂದೊಂದು ಎಳೆಯೂ ಅಳೆದಿಟ್ಟ ಹಾಗೆ. ಆಮೇಲೆ ಹದಿನಾಲ್ಕು ಹದಿನೈದರ ಹೊತ್ತಿಗೆ ತಾನೇ ಸುಧಾರಿಸಿದಳು. ಅಕ್ಕ ನಕ್ಕರೆ ನಕ್ಕಳು, ಬಂದವರಿಗೆ "ಬರ್ರಿ, ಕೂಡ್ರಿ" ಅಂದಳು. ದಾರ ಕೆಲಸ ಮಾಡಿತು ಅಂದುಕೊಂಡೆವು. ಅಕ್ಕನ ಮದುವೆಯಾಯಿತು. ಈಕೆಗೆ ಹದಿನೆಂಟು ತುಂಬಿದಾಗ ಕೊಹಿನೂರು ಅನ್ನುವ ಹಳ್ಳಿಯಿಂದ ಸಂಬಂಧದ ಮಾತು ಬಂತು. ಹೊಲ ಮನೆ ಇದ್ದವರು, ನಮ್ಮವರೇ. ಎಂಬತ್ತರ ದಶಕದ ಮೊದಲ ವರ್ಷಗಳು ಅವು.

ನಮ್ಮ ಕಸುಬಿನಲ್ಲಿ ಒಂದು ಪದ್ಧತಿ ಇದೆ. ಕೋಟನ್ನು ಮೊದಲು ಕಚ್ಚಾ ಹೊಲಿಗೆ ಹಾಕಿ ಗಿರಾಕಿಯ ಮೈಮೇಲೆ ಇಟ್ಟು ನೋಡುವುದು, ಎಲ್ಲಿ ಸಡಿಲ ಎಲ್ಲಿ ಬಿಗಿ ತಿಳಿದಮೇಲೆ ಪಕ್ಕಾ ಹೊಲಿಗೆ. ಗಂಡಿನವರು ನೋಡಲು ಬರುವ ಮೊದಲು ಮಗಳಿಗೂ ಹಾಗೇ ಮಾಡಿದೆ. ನಾನು ರುಮಾಲು ಸುತ್ತಿಕೊಂಡು ಬೀಗನಾಗಿ ಹೊರಸಿನ ಮೇಲೆ ಕೂತೆ. ಹುಡುಗನ ಅಜ್ಜಿಗೆ ಉಬ್ಬಸವಂತೆ. ನನ್ನ ಹೆಂಡತಿ ಆ ಮುದುಕಿಯಾಗಿ ಕೆಮ್ಮಿದಳು. ಅಡಿಗೆ ಏನೇನು ಬರ್ತದ, ಎಷ್ಟನೇ ಇಯತ್ತೆ, ಊರು ಬಿಟ್ಟು ಇರ್ತೀಯೇನು, ಕೇಳಬಹುದಾದ ಮಾತನ್ನೆಲ್ಲ ಕೇಳಿ ಉತ್ತರ ಕಲಿಸಿದೆವು. ಒಂದು ವಾರ. ಒಂದು ಅಕ್ಷರವೂ ತಪ್ಪಲಿಲ್ಲ.

ನೋಡಲು ಬರುವುದಕ್ಕೆ ಮೂರು ದಿನ ಇದ್ದಾಗ ಅಂಗಡಿಗೆ ಒಬ್ಬ ಹೆಣ್ಣುಮಗಳು ಬಂದಳು. ಹೆಗಲಿಗೆ ಜೋಳಿಗೆ, ಕೈಯಲ್ಲಿ ಬರೆಯುವ ವಹಿ. ಕುಪ್ಪಸ ಹೊಲಿಸಲು ಬಂದಿದ್ದಾಳೆ ಅಂದುಕೊಂಡೆ.

"ಕಾಕಾ, ನಾ ಬಸವಕಲ್ಯಾಣದಾಗ ನಮ್ಮ ಚಿಕ್ಕಮ್ಮನ ಮನ್ಯಾಗ ಇದ್ದೀನ್ರಿ. ಗುಲ್ಬರ್ಗಾದಾಗ ಮನಶ್ಶಾಸ್ತ್ರ ಓದಾಕತ್ತೇನಿ. ನಿಮ್ಮ ಮಗಳ ಜೋಡಿ ಮಾತಾಡಬೇಕಾಗಿತ್ತು. ಸಾಲ್ಯಾಗ ಆಕೀಗೆ ಕಲಿಸಿದ ಅಕ್ಕೋರು ಹೇಳಿ ಕಳಿಸ್ಯಾರ."

ಆಟಿಸಂ ಅಂದಳು. ಯಾವುದೋ ಟಾನಿಕ್ಕಿನ ಹೆಸರಿನ ಹಾಗೆ ಕೇಳಿಸಿತು. ಹುಟ್ಟಿನಿಂದಲೇ ಕೆಲವರ ಮನಸ್ಸು ಬೇರೆ ರೀತಿ ಕೆಲಸ ಮಾಡುತ್ತದೆ, ಅದು ಹುಚ್ಚಲ್ಲ ಅಂದಳು. "ನಾ ಓದಿದ ಪುಸ್ತಕದಾಗ ಬರೇ ಗಂಡು ಹುಡುಗ್ರೇ ಅದಾರ. ಹೆಣ್ಣು ಹುಡುಗ್ಯಾರು ಎಲ್ಲಿ ಹ್ವಾದ್ರು ಅಂತ ಹುಡುಕಾಕತ್ತೇನಿ ಕಾಕಾ."

"ಅಡಿಗಿ ಮನ್ಯಾಗ ಇರ್ತಾರ. ಅದಕ್ಕ ಗುಲ್ಬರ್ಗಾ ತನ ಹೋಗಿ ಓದಬೇಕೇನು?" ಅಂದೆ.

ಓಡಿಸಿಯೇ ಬಿಡುತ್ತಿದ್ದೆ. ಅಷ್ಟರಲ್ಲಿ ಘಾಟಬೋರಾಳದ ಗಿರಾಕಿಯೊಬ್ಬ ಅಳತೆ ಕೊಡಲು ಒಳಗೆ ಬಂದ. ಅವನ ತಂಗಿಯನ್ನು ಕೊಟ್ಟದ್ದು ಕೊಹಿನೂರಿಗೆ. ಅವನ ಎದುರು ಜಗಳ ಬೇಡ ಅಂತ ಹಲ್ಲು ಕಚ್ಚಿದೆ. ಈ ಹೆಣ್ಣುಮಗಳು ಅದನ್ನೇ ಒಪ್ಪಿಗೆ ಅಂದುಕೊಂಡು ಪರದೆ ಸರಿಸಿ ಹಿಂದಿನ ಮನೆಯೊಳಗೆ ಹೋದಳು.

ಗಿರಾಕಿಯ ಎದೆಗೆ ಟೇಪು ಸುತ್ತಿದ್ದೇನೆ, ಕಿವಿ ಪರದೆಯ ಹಿಂದೆ. ಬಂದವಳು ಎಂಥದೂ ಕೇಳದೆ, "ಇದೊಂದು ಕಾಜಕ್ಕ ಎಷ್ಟು ಎಳಿ ಹಾಕ್ತಿ?" ಅಂದಳು. "ಇಪ್ಪತ್ತೆರಡು" ಅಂದಳು ನನ್ನ ಮಗಳು. ಆಮೇಲೆ ಯಾರ ಜೊತೆಗೂ ಅಷ್ಟು ಮಾತಾಡದವಳು ಮಾತಾಡಿದಳು.

"ಅಕ್ಕ ಹ್ಯಾಂಗ ನಗ್ತಾಳ ನೋಡಿ ಕಲ್ತೀನಿ. ಮಂದಿ ಮಾರಿ ನೋಡಿ ಮೂರು ಎಣಸ್ತೀನಿ, ಆಮ್ಯಾಲ ಕಣ್ಣ ಕೆಳಗ. ಬಾಳ ಹೊತ್ತು ಮಾಡಿದ್ರ ತಲಿ ಸಿಡೀತದ. ಬಚ್ಚಲಕ್ಕ ಹೋಗಿ ಕತ್ತಲದಾಗ ಕೂಡ್ತೀನಿ."

"ಮನ್ಯಾಗ ಗೊತ್ತದೇನು?"

"ಇಲ್ಲ. ಸುಧಾರಿಸ್ಯಾಳ ಅಂತಾರ." ಮತ್ತೆ ತಾನೇ ಅಂದಳು: "ಇಲ್ಲಿ ಬಚ್ಚಲದಾಗ ಕೂಡ್ತೀನಿ. ಅಲ್ಲಿ ಅತ್ತಿ ಮನ್ಯಾಗ ಹಗಲೂ ರಾತ್ರಿ ಮಾಡಬೇಕಲ್ಲ. ಬಿಡುವು ಯಾವಾಗ?"

ಗಿರಾಕಿ ತಲೆ ವಾರೆ ಮಾಡಿ, "ಏನ್ ಮಾಸ್ತರ್, ಒಳಗ ಏನೋ ಅತ್ತಿ ಮನಿ ಮಾತು ನಡದದ?" ಅಂದ. ನಾನು ಹೋಗಿ ಮಶೀನಿನ ಮೇಲೆ ಕೂತು ತುಳಿಯತೊಡಗಿದೆ. ದಾರ ಇಲ್ಲ, ಬಟ್ಟೆ ಇಲ್ಲ, ಬರೀ ಸೂಜಿ. ಆ ಸದ್ದಿನಲ್ಲಿ ಮಗಳ ದನಿ ಮುಳುಗಿತು. ಅವನು ಹೋಗುವ ತನಕ ತುಳಿದೆ. ಹೋದಮೇಲೆ ಒಳಗೆ ನುಗ್ಗಿ ಆ ವಹಿ ಕಸಿದು, ಬರೆದ ಹಾಳೆಗಳನ್ನು ಹರಿದು ಒಲೆಗೆ ಹಾಕಿದೆ. ಬಂದವಳು ಅಳಲಿಲ್ಲ. ನನ್ನ ಮಗಳ ಕಡೆ ನೋಡಿ, "ತಪ್ಪಾಯ್ತವಾ, ನಿನ್ನ ಮಾತು ಉಳಸಾಕ ಆಗಲಿಲ್ಲ" ಅಂದು ಹೋದಳು.

ಮೂರು ದಿನ ಬಸ್ ನಿಲ್ದಾಣಕ್ಕೆ ಹೋಗಿ ನಿಂತೆ. ಸುದ್ದಿ ಕೊಹಿನೂರು ಮುಟ್ಟಿತೇನೋ ಅಂತ ಬಸ್ಸಿನಿಂದ ಇಳಿದವರ ಮುಖವನ್ನೆಲ್ಲ ನೋಡಿದೆ. ಮುಟ್ಟಿರಲಿಲ್ಲ. ಹುಡುಗ, ಅವನ ಅಪ್ಪ, ಅಜ್ಜಿ ಮೂವರೂ ಬಂದರು. ಮಗಳು ಜರಿಯಂಚಿನ ಸೀರೆಯಲ್ಲಿ ಚುರುಮುರಿಯ ಸುಸಲಾ ತಂದಿಟ್ಟಳು, ಕೂತಳು, ಮೂರು ಎಣಿಸುವಷ್ಟು ಹೊತ್ತು ಮುಖ ನೋಡಿ ಕಣ್ಣು ಇಳಿಸಿದಳು. ನನಗೆ ಈಗ ಆ ಎಣಿಕೆ ಕೇಳಿಸುತ್ತಿತ್ತು. ಒಂದು. ಎರಡು. ಮೂರು. ಅಜ್ಜಿ ಕೇಳಿದ್ದಕ್ಕೆಲ್ಲ ಉತ್ತರ ಕಲಿಸಿದ ಹಾಗೆ ಬರೋಬ್ಬರಿ ಬಂತು. ಸೀರೆಯ ನೆರಿಗೆಯ ಕೆಳಗೆ ಅವಳ ಉಗುರು ಇನ್ನೊಂದು ಅಂಗೈಯನ್ನು ಒತ್ತಿ ಒತ್ತಿ ಬೆಳ್ಳಗಾಗಿಸಿತ್ತು.

"ಹುಡುಗಿ ಛಂದ ಅದಾಳ. ಸಕ್ರಿ ತರ್ರಿ" ಅಂದಳು ಅಜ್ಜಿ.

ನಮ್ಮ ಕಡೆ ಸಕ್ಕರೆ ಬಾಯಿಗೆ ಬಿತ್ತೆಂದರೆ ಮಾತು ಮುಗಿಯಿತು. ಆಮೇಲೆ ತಿರುಗಿದರೆ ಇಜ್ಜತ್ತು ಉಳಿಯುವುದಿಲ್ಲ. ಹೆಂಡತಿ ತಾಟು ತಂದಳು. ಹುಡುಗನ ಅಪ್ಪ ಒಂದು ಚಿಟಿಕೆ ಹಿಡಿದು ನನ್ನ ತುಟಿಯ ತನಕ ತಂದ. ನಾನು ಅವನ ಕೈ ಹಿಡಿದುಬಿಟ್ಟೆ.

"ತಡೀರಿ" ಅಂದೆ. ಮಗಳ ಕಡೆ ತಿರುಗಿ, "ನಿನಗ ಒಪ್ಪಿಗಿ ಅದೇನವಾ?" ಅಂತ ಕೇಳಿದೆ.

ಹೆಂಡತಿ ಕಣ್ಣಲ್ಲೇ ನನ್ನನ್ನು ಸುಟ್ಟಳು. ಮಗಳು ಗಾಬರಿಯಾಗಿ ನನ್ನ ಕಡೆ ನೋಡಿದಳು. "ಅದನ್ನ ಕಲಿಸಿಲ್ಲಲ್ಲಪ್ಪಾ!"

"ಏನು ಕಲಿಸಿಲ್ಲ?" ಅಂದಳು ಅಜ್ಜಿ.

"ಉಳದದ್ದೆಲ್ಲ ಕಲಿಸ್ಯಾರ್ರಿ. ಅಪ್ಪ ಬೀಗರಂಗ ಕುಂತಿದ್ದ. ಅವ್ವ ನಿಮ್ಮಂಗ ಕೆಮ್ಮಿದ್ಳು."

ಹುಡುಗನ ಅಪ್ಪ ಎದ್ದ. "ಗಿಣಿ ಸಾಕ್ಯಾರ ಗಿಣಿ! ಏಳ್ರಿ, ನಡೀರಿ."

"ಕೂಡೋ ಸುಮ್ನ" ಅಂದಳು ಮುದುಕಿ. ಕೆಮ್ಮು ಬಂತು, ತಡೆದುಕೊಂಡಳು. "ಎಲ್ಲಾರೂ ಕಲಿಸೇ ತೋರಸ್ತಾರ. ನನಗೂ ಕಲಿಸಿದ್ರು. ಈಕಿ ಬಾಯಿ ಬಿಟ್ಟು ಹೇಳಿದ್ಳು, ಅಷ್ಟ. ನಮಗ ಆಗ್ತದ. ಸಕ್ರಿ ತಿನ್ರಿ ದರ್ಜಿ."

ಅವರು ಎದ್ದು ಹೋಗಿದ್ದರೆ ಹಗುರಾಗುತ್ತಿತ್ತು. ಈಗ ಎಲ್ಲ ನನ್ನ ಮೇಲೆ ಬಂತು. "ಈ ಉತ್ತರ ನಾ ಕಲಿಸೂದಿಲ್ಲ. ನೀನೇ ಹೇಳು" ಅಂದೆ ಮಗಳಿಗೆ.

ಅವಳು ನೆರಿಗೆಯಿಂದ ಕೈ ಹೊರಗೆ ತೆಗೆದಳು. "ಗೊತ್ತಿಲ್ಲ. ವಿಚಾರ ಮಾಡಬೇಕು."

"ಎಷ್ಟು ದಿನ?" ಅಂದ ಹುಡುಗನ ಅಪ್ಪ.

"ಅದೂ ಗೊತ್ತಿಲ್ಲ."

ನಾನು ಹೆಂಡತಿಯ ಕೈಯಿಂದ ಸಕ್ಕರೆಯ ತಾಟು ತೆಗೆದು ಕೆಳಗಿಟ್ಟೆ. ಅವರು ನೀರೂ ಕುಡಿಯದೆ ಹೋದರು. ಹೆಂಡತಿ ಆ ವಾರ ನನ್ನ ಜೊತೆ ಮಾತಾಡಲಿಲ್ಲ. ಆಡಿದ್ದು ಒಂದೇ ಮಾತು: "ಬಂದ ಭಾಗ್ಯಕ್ಕ ಒದ್ದು ಕುಂತ್ರಿ."

ನಾನು ಬಸವಕಲ್ಯಾಣಕ್ಕೆ ಹೋಗಿ ಆ ಹೆಣ್ಣುಮಗಳನ್ನು ಹುಡುಕಿದೆ. ಬಾಗಿಲಲ್ಲೇ ನಿಂತು, "ಹಾಳಿ ಹರದದ್ದು ತಪ್ಪಾತು" ಅಂದೆ. ಹುಟ್ಟಿದಮೇಲೆ ಯಾರ ಮುಂದೂ ಆಡದ ಮಾತು ಅದು.

"ಅವು ನಿಮ್ಮ ಹಾಳಿ ಅಲ್ಲ, ನನ್ನವೂ ಅಲ್ಲ. ಆಕೀವು" ಅಂದಳು. ಕೂಡ್ರಿ ಅನ್ನಲಿಲ್ಲ. "ಮತ್ತ ಬಂದ್ರ, ಆಕಿ ಕರದ್ರ ಮಾತ್ರ ಬರ್ತೀನಿ. ನೀವು ಕರದ್ರ ಅಲ್ಲ."

"ಆಕಿ ಇನ್ನಾ ಏನೂ ಹೇಳವಲ್ಳು. ಹ್ಯಾಂಗ ಹೇಳಸಬೇಕು?"

"ಕೇಳೀರಲ್ಲ? ಈಗ ಬಾಯಿ ಮುಚ್ಚಿಕೊಂಡು ಕೂಡ್ರಿ ಕಾಕಾ."

ಅಷ್ಟು ಚಿಕ್ಕವಳಿಂದ ಹಾಗೆ ಅನ್ನಿಸಿಕೊಂಡು ಬಸ್ಸು ಹತ್ತಿದೆ. ಸಿಟ್ಟು ಬಂದಿತ್ತು. ಆದರೂ ಬಾಯಿ ಮುಚ್ಚಿಕೊಂಡು ಕೂತೆ. ಕೊಹಿನೂರಿನಿಂದ ಎರಡು ಸಲ ಹೇಳಿ ಕಳಿಸಿದರು. ಮಾಣಿಕನಗರದ ಕಡೆ ಹೋದರೆ ಪರಿಚಯದ ಅಂಗಡಿಯವರು, "ಏನ್ ಮಾಸ್ತರ್, ಮಗಳಿಗೆ ಅರ್ಜಿ ಕೊಟ್ಟು ಕುಂತೀರಂತ?" ಅಂತ ನಗುತ್ತಿದ್ದರು. ನಾನು ಮನೆಯಲ್ಲಿ ಕಾಜದ ಅಂಗಿ ಅವಳ ಮುಂದಿಡುವಾಗಲೂ ಆ ಮಾತು ತೆಗೆಯಲಿಲ್ಲ.

ಅವರು ಬಂದು ಹೋದ ಹನ್ನೊಂದನೆಯ ದಿನ ಮಧ್ಯಾಹ್ನ ಅವಳು ಸೂಜಿ ಕೆಳಗಿಟ್ಟು, "ಒಲ್ಲೆ" ಅಂದಳು.

"ವಿಚಾರ ಮಾಡೀಯೇನು?"

"ಹೂಂ. ಹುಡುಗ ಕೆಟ್ಟಂವ ಅಲ್ಲ. ಅಜ್ಜಿನೂ. ಆದ್ರ ಅಲ್ಲಿ ನಾ ನಾನಾಗಿ ಇರಾಕ ಆಗೂದಿಲ್ಲ. ಒಲ್ಲೆ."

ಮರುದಿನ ಮೊದಲ ಬಸ್ಸಿಗೆ ಕೊಹಿನೂರಿಗೆ ಹೋದೆ. ಹುಡುಗನ ಅಪ್ಪ ಕಟ್ಟೆಯ ಮೇಲೆ ನಾಲ್ಕು ಮಂದಿಯ ಜೊತೆ ಕೂತಿದ್ದ. ನನ್ನ ಮುಖ ನೋಡಿಯೇ ತಿಳಿದ. ಎದ್ದು ಬಂದು, ನನ್ನನ್ನು ಪಕ್ಕಕ್ಕೆ ಕರೆದು, ದನಿ ತಗ್ಗಿಸಿ ಅಂದ:

"ಆಗಿದ್ದು ಆತು. ಇಬ್ಬರ ಮರ್ಯಾದಿನೂ ಉಳೀಲಿ. ಕುಂಡಲಿ ಕೂಡಲಿಲ್ಲ ಅಂತ ಹೇಳೂಣು."

ಒಳ್ಳೆಯ ಮನುಷ್ಯನೇ. ನನಗೂ ದಾರಿ ಕೊಟ್ಟಿದ್ದ. ಕಟ್ಟೆಯ ಮೇಲಿನವರು ನಮ್ಮ ಕಡೆಯೇ ನೋಡುತ್ತಿದ್ದರು. 

"ಕುಂಡಲಿ ನಾವು ತೆಗೆಸೇ ಇಲ್ಲಲ್ರಿ" ಅಂದೆ, ಕಟ್ಟೆಗೆ ಕೇಳಿಸುವಷ್ಟು ಗಟ್ಟಿಯಾಗಿ. "ಹುಡುಗಿ ಒಲ್ಲೆ ಅಂದ್ಳು. ಹಂಗಂತನೇ ಹೇಳ್ರಿ."