ಹೊರಗಿಟ್ಟ ಕೊಂಡಿಗಳು

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಪುಣೆಯ ಒಂದು ಪಂಪು ಕಾರ್ಖಾನೆಯ ಕಂಪ್ಯೂಟರ್ ವಿಭಾಗದಲ್ಲಿದ್ದೆ. ಅಲ್ಲಿ ನಕ್ಷೆಗಳು ಒಂದು ಕಂಪ್ಯೂಟರಿನಲ್ಲಿ, ಬಿಡಿಭಾಗಗಳ ಪಟ್ಟಿ ಇನ್ನೊಂದರಲ್ಲಿ, ಗಿರಾಕಿಗಳ ದೂರುಗಳು ಮತ್ತೊಂದರಲ್ಲಿ. ಮಾತು ಬಿಟ್ಟ ದಾಯಾದಿಗಳ ಹಾಗೆ. ಮೂರನ್ನೂ ಕೂಡಿಸಬಲ್ಲವರು ಒಬ್ಬರೇ, ನಕ್ಷೆ ವಿಭಾಗದಲ್ಲಿದ್ದ ವಿಜಾಪುರ ಕಡೆಯ ಹಿರಿಯರು. ಯಾವ ದೂರಿಗೆ ಯಾವ ನಕ್ಷೆ ನೋಡಬೇಕೆಂಬುದು ಅವರ ತಲೆಯಲ್ಲಿತ್ತು, ಕೆಂಪು ರಟ್ಟಿನ ಒಂದು ವಹಿಯಲ್ಲಿತ್ತು. ಅವರ ನಿವೃತ್ತಿಗೆ ಎಂಟು ತಿಂಗಳು ಉಳಿದಿತ್ತು.

ಅಷ್ಟರೊಳಗೆ ಅದನ್ನೆಲ್ಲ ಕಂಪ್ಯೂಟರಿಗೆ ಇಳಿಸುವ ಕೆಲಸ ನನ್ನದಾಯಿತು. ನನಗೋ ಆಗ ಓಪನ್ ಹೈಪರ್‌ಮೀಡಿಯಾ ಎಂಬ ಹೊಸ ಪದ್ಧತಿಯ ಹುಚ್ಚು. ಮೂಲ ಕಡತಗಳ ಒಂದಕ್ಷರವನ್ನೂ ಮುಟ್ಟಬೇಕಿಲ್ಲ. ಯಾವುದರಿಂದ ಯಾವುದಕ್ಕೆ ಹೋಗಬೇಕೆಂಬ ಕೊಂಡಿಗಳನ್ನಷ್ಟೇ ಬೇರೆ ಕಡೆ ಕೂಡಿಟ್ಟರೆ ಸಾಕು, ಗುಂಡಿ ಒತ್ತಿದರೆ ದೂರಿನಿಂದ ನೇರ ನಕ್ಷೆಗೆ. ದಿನವೂ ಊಟದ ನಂತರ ಅವರು ಹೇಳುತ್ತಿದ್ದರು, ನಾನು ಕೊಂಡಿ ಹಾಕುತ್ತಿದ್ದೆ. ಕೊನೆಯ ದಿನ ಜಂಬದಿಂದ, "ಇನ್ನ ಆ ವಹಿ ಬ್ಯಾಡ್ರಿ, ಎಲ್ಲಾ ಮಷೀನಿನ್ಯಾಗ ಅದ" ಎಂದೆ. ಅವರು ನಕ್ಕು ವಹಿಯನ್ನು ಚೀಲಕ್ಕೆ ಹಾಕಿಕೊಂಡು ಮನೆಗೆ ಹೋದರು.

ಆ ವರ್ಷದ ಖಂಡೇನವಮಿಗೆ ಎಂದಿನಂತೆ ಯಂತ್ರಗಳನ್ನೆಲ್ಲ ತೊಳೆದು ಪೂಜೆಗೆ ಅಣಿ ಮಾಡಿದರು. ಕಂಪ್ಯೂಟರಿಗೂ ಪೂಜೆಯಲ್ಲವೇ, ಹೊರಗಷ್ಟೇ ಒರೆಸಿದರೆ ಹೇಗೆ ಎಂದು ನಕ್ಷೆ ವಿಭಾಗದವರು ಒಳಗೂ ಚೊಕ್ಕಟ ಮಾಡಿದರು. ಕಡತಗಳಿಗೆ ಹೊಸ ಹೆಸರು, ಹೊಸ ಫೋಲ್ಡರು. ಕಡತಗಳ ನಕಲು ಇಡುತ್ತಿದ್ದ ಒಂದೇ ಟೇಪಿನಲ್ಲೂ ಹಳೆಯದನ್ನು ಅಳಿಸಿ ಇದನ್ನೇ ತುಂಬಿದರು. ಆಮೇಲೆ ಕುಂಕುಮ ಹಚ್ಚಿ ಚೆಂಡುಹೂವಿನ ಮಾಲೆ ಹಾಕಿದರು.

ಹಬ್ಬ ಕಳೆದು ಬಂದು ಗುಂಡಿ ಒತ್ತಿದೆ. ಕಡತ ಸಿಗಲಿಲ್ಲ. ಇನ್ನೊಂದೂ ಇಲ್ಲ, ಮತ್ತೊಂದೂ ಇಲ್ಲ. ನನ್ನ ಕೊಂಡಿಗಳೆಲ್ಲ ಹಳೆಯ ಹೆಸರನ್ನೇ ಹಿಡಿದು ಕೂತಿದ್ದವು. ಯಾವ ಹೆಸರು ಏನಾಯಿತೆಂದು ಯಾರೂ ಬರೆದಿಟ್ಟಿರಲಿಲ್ಲ. ಯಾವ ದೂರಿಗೆ ಯಾವ ನಂಬರಿನ ನಕ್ಷೆ ಎಂಬುದು ಇದ್ದದ್ದು ಆ ಕೆಂಪು ವಹಿಯಲ್ಲಷ್ಟೇ. ಯಾರನ್ನು ಬೈಯಲಿ? ಹೆಸರು ಬದಲಿಸಬೇಡಿ ಎಂದು ಹೇಳಬೇಕಾದವನು ನಾನು. ಹೇಳಿರಲಿಲ್ಲ.

ಧನಕವಡಿಯಲ್ಲಿದ್ದ ಆ ಹಿರಿಯರ ಮನೆಗೆ ಓಡಿದೆ. ಚಹಾ ಕೊಟ್ಟು ಕೂರಿಸಿದರು. ವಹಿ ಕೇಳಿದೆ.

"ದಸರಾಕ್ಕ ಮನಿ ಸ್ವಚ್ಛ ಮಾಡಿದ್ವಿರಿ. ರದ್ದಿಯವಗ ಹಾಕಿಬಿಟ್ಟೆ. ನೀವ ಹೇಳಿದ್ರಲ್ರಿ, ಬ್ಯಾಡಂತ."

"ನೆನಪಿದ್ದಷ್ಟ ಹೇಳ್ತೀರೇನ್ರಿ?"

ಕಣ್ಣು ಮುಚ್ಚಿ ನಾಲ್ಕೈದು ನಕ್ಷೆಗಳ ನಂಬರು ಹೇಳಿದರು. ತಪ್ಪಿತೆಂದು ಮತ್ತೆ ಮೊದಲಿನಿಂದ ಹೇಳಿದರು. ಆಮೇಲೆ ಕಣ್ಣು ತೆರೆದು ನನ್ನ ಮುಖವನ್ನೇ ನೋಡಿದರು.

"ಮೂವತ್ತು ವರ್ಷದ್ದು... ಮಷೀನಿನ್ಯಾಗ ಎಲ್ಲಾ ಅದ ಅಲ್ರಿ?"

"ಅದ ರೀ," ಎಂದೆ.

ಅವರು ಸಮಾಧಾನದಿಂದ ಇನ್ನೊಂದು ಕಪ್ ಚಹಾ ತರಲು ಎದ್ದರು.